ಗಾಣಕ್ಕೆ ಕಂಬಳದ ಕೋಣ ಯಾಕೆ?

ಟಿವಿ ಪಕ್ಕದ ರೆಕಾರ್ಡರ್ ಬಾಕ್ಸ್‌ನೊಳಗಿಂದ ‘ಟಕ್ ಟಕ್’ ಅಂತ ಸದ್ದು ಬರಲು ಶುರುವಾಗಿ ತಿಂಗಳಾಯಿತು. ರೆಕಾರ್ಡ್ ಮಾಡಿಟ್ಟ ಧಾರಾವಾಹಿ ಅತ್ತೆ ಬಾಯಿ ತೆರೆಯುವ ಹೊತ್ತಿಗೇ ಸ್ತಬ್ಧವಾಗುತ್ತದೆ. ಆಗ ನೀವು ಮಾಡುವುದೇನು? ಬಾಕ್ಸ್‌ನ ನೆತ್ತಿಗೆ ಎರಡೇಟು ಹಾಕಿ, ಸ್ವಿಚ್ ಆರಿಸಿ ಮತ್ತೆ ಹಾಕಿ, ‘ಹಾಂ, ಸರಿಹೋಯ್ತು’ ಅಂತ ಕೂರುತ್ತೀರಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅನ್ನುವ ಹಾಗಾಗುವ ಮೊದಲು ನಾಲ್ಕು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ. ನಡುವೆ ಸ್ವಲ್ಪ ಬೈದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು, ಕೆಟ್ಟಿರುವುದು ಹಾರ್ಡ್ ಡಿಸ್ಕೇ ಹೌದೋ ಅಲ್ಲವೋ ನೋಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರೇ ಹೆಚ್ಚು. ಮಳೆ ಬಂದಾಗ ನೇರ ಪ್ರಸಾರವೂ ಚೂರುಚೂರಾಗಿ ಕಾಣುತ್ತಿದ್ದರೆ ತಪ್ಪು ಛಾವಣಿಯ ಮೇಲಿನ ಡಿಶ್‌ದು, ಇಲ್ಲವೇ ಕೇಬಲ್‌ದು. ನೇರ ಪ್ರಸಾರ ಚೆನ್ನಾಗಿದ್ದು, ರೆಕಾರ್ಡ್ ಮಾಡಿದ್ದು ಮಾತ್ರ ತಡವರಿಸಿದರೆ, ಪಟ್ಟಿಯಲ್ಲಿ ಕಾರ್ಯಕ್ರಮದ ಹೆಸರಿದ್ದು ಒತ್ತಿದರೆ ಏನೂ ಬಾರದಿದ್ದರೆ, ಆಗ ಡಿಸ್ಕಿನ ಮೇಲೆ ಸಂಶಯ ಪಡಿ. ಬಾಕ್ಸ್ ತಾನಾಗಿಯೇ ಆರಿ ಹೊತ್ತಿಕೊಳ್ಳುತ್ತಿದ್ದರೆ ಅಡಾಪ್ಟರನ್ನೂ ಒಮ್ಮೆ ಪರೀಕ್ಷಿಸಿ. ಹಳೆಯ ಬಾಕ್ಸ್‌ಗಳಲ್ಲಿ ಪವರ್ ಸಪ್ಲೈನ ಕೆಪಾಸಿಟರ್ ಉಬ್ಬಿಕೊಂಡರೂ ಇದೇ ಲಕ್ಷಣ ಕಾಣುತ್ತದೆ. ಹಾಗಾದಾಗ ಹೊಸ ಡಿಸ್ಕ್ ಹಾಕಿದರೂ ಕಾಯಿಲೆ ಹೋಗುವುದಿಲ್ಲ, ದುಡ್ಡು ಮಾತ್ರ ಹೋಗುತ್ತದೆ.

ಎರಡನೆಯದು, ಬಾಕ್ಸ್ ಯಾರದು? ನಮ್ಮಲ್ಲಿ 2008ರಲ್ಲಿ ಟಾಟಾ ಸ್ಕೈ ಪ್ಲಸ್ ಬಂದಾಗ ಡಿಸ್ಕನ್ನು ಹೊಟ್ಟೆಯೊಳಗೇ ಇಟ್ಟುಕೊಂಡ ಬಾಕ್ಸ್ ಅನೇಕ ಮನೆಗಳಿಗೆ ಹೊಸದು. ಆಮೇಲೆ ಬಂದ ಹಲವು ಬಾಕ್ಸ್‌ಗಳಲ್ಲಿ ಡಿಸ್ಕ್ ಒಳಗಿರುವುದಿಲ್ಲ. ಯುಎಸ್‌ಬಿ ಕಿಂಡಿಗೆ ಹೊರಗಿನ ಡಿಸ್ಕ್ ಸಿಕ್ಕಿಸಬೇಕು. ಒಳಗೆ ಡಿಸ್ಕ್ ಇರುವ ಬಾಕ್ಸ್ ಬಾಡಿಗೆಯದಾಗಿದ್ದರೆ, ಅಥವಾ ವಾರಂಟಿ ಇನ್ನೂ ಇದ್ದರೆ, ಸ್ಕ್ರೂಡ್ರೈವರ್ ಮುಟ್ಟಲೇಬೇಡಿ. ಕಂಪನಿಗೆ ಫೋನ್ ಮಾಡಿ, ಅವರೇ ಬದಲಿಸಿ ಕೊಡಲಿ. ಸೀಲ್ ಕಿತ್ತ ಮೇಲೆ ‘ನಾವೇನೂ ಮಾಡಿಲ್ಲ ಸಾರ್’ ಅಂದರೆ ಯಾರು ನಂಬುತ್ತಾರೆ?

ಬಾಕ್ಸ್ ನಿಮ್ಮದೇ, ವಾರಂಟಿಯೂ ಮುಗಿದಿದೆ ಅಂದುಕೊಳ್ಳೋಣ. ಈಗ ಪೇಟೆಗೆ ಹೊರಟಿದ್ದೀರಿ. ಇಲ್ಲಿಯೇ ನೀವು ಎಡವುವುದು. ಅಂಗಡಿಯವನು ‘7,200 ಆರ್‌ಪಿಎಂ, ಸೂಪರ್ ಫಾಸ್ಟ್’ ಅನ್ನುತ್ತಾನೆ, ನೀವು ತಲೆದೂಗುತ್ತೀರಿ. ಸ್ವಲ್ಪ ಲೆಕ್ಕ ಹಾಕಿ ನೋಡಿ. ಒಂದು ಎಚ್‌ಡಿ ಚಾನೆಲ್ ಸೆಕೆಂಡಿಗೆ 8 ಮೆಗಾಬಿಟ್ ಕಳಿಸುತ್ತದೆ ಅಂದರೂ ಅದು ಬರೀ 1 ಮೆಗಾಬೈಟ್. ಎರಡು ಕಾರ್ಯಕ್ರಮ ರೆಕಾರ್ಡ್ ಆಗುತ್ತಿದ್ದು, ಮೂರನೆಯದನ್ನು ನೀವು ನೋಡುತ್ತಿದ್ದರೂ ಸೆಕೆಂಡಿಗೆ 3 ಮೆಗಾಬೈಟ್ ಕೆಲಸ. ಇವತ್ತಿನ ಸಾಧಾರಣ ಡಿಸ್ಕ್ ಕೂಡ ಸೆಕೆಂಡಿಗೆ 100 ಮೆಗಾಬೈಟ್ ಬರೆಯಬಲ್ಲದು. ಹಾಗಾಗಿ ಇಲ್ಲಿ ವೇಗಕ್ಕೆ ಕೆಲಸವೇ ಇಲ್ಲ.

ಹಾಗಾದರೆ ಬೇಕಾದ್ದೇನು? ತಾಳ್ಮೆ. ನೀವು ‘ರೆಕಾರ್ಡ್’ ಒತ್ತದಿದ್ದರೂ ರೆಕಾರ್ಡರ್ ಬಾಕ್ಸ್ ಈಗ ಓಡುತ್ತಿರುವ ಚಾನೆಲನ್ನು ಸದ್ದಿಲ್ಲದೆ ಡಿಸ್ಕಿಗೆ ಬರೆಯುತ್ತಿರುತ್ತದೆ. ಅದಕ್ಕೇ ಅಲ್ಲವೇ, ಕುಕ್ಕರ್ ಕೂಗಿದಾಗ ನೀವು ನೇರ ಪ್ರಸಾರವನ್ನು ನಿಲ್ಲಿಸಿ ಅಡುಗೆಮನೆಗೆ ಓಡಲು ಆಗುವುದು! ಕಂಪ್ಯೂಟರಿನ ಡಿಸ್ಕಿಗೆ ನಡುನಡುವೆ ವಿಶ್ರಾಂತಿ ಉಂಟು, ಇದಕ್ಕಿಲ್ಲ. ಬಾಕ್ಸ್ ಚಾಲೂ ಇರುವಷ್ಟು ಹೊತ್ತೂ ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಕಂಬಳದ ಕೋಣ ಕೆಲವೇ ಸೆಕೆಂಡು ಮಿಂಚಿ ಮಾಯವಾಗುತ್ತದೆ, ನಿಜ. ಆದರೆ ಅದನ್ನು ತಂದು ಗಾಣಕ್ಕೆ ಕಟ್ಟುತ್ತೀರಾ? ನಿಧಾನವಾಗಿ ಸುತ್ತುವ, ಬಿಸಿಯಾಗದ, ಸದ್ದು ಮಾಡದ, ದಣಿಯದ ಡಿಸ್ಕ್ ಕೇಳಿ. 5,400 ಆರ್‌ಪಿಎಂ ಧಾರಾಳ ಸಾಕು.

ಅಂಥ ಡಿಸ್ಕಿಗೆ ಹೆಸರುಂಟು. ಟಿವಿ ಬಾಕ್ಸ್‌ಗೆಂದೇ ಮಾಡಿದ ಡಬ್ಲ್ಯುಡಿ ಎವಿ-ಜಿಪಿ, ಸೀಗೇಟ್ ಪೈಪ್‌ಲೈನ್ ಈಗ ಹಳೆಯ ಸರಕು. ‘ಹೊಸದು’ ಅಂತ ಯಾರಾದರೂ ಅವನ್ನು ಕೊಟ್ಟರೆ ಹುಬ್ಬೇರಿಸಿ. ಈಗ ಅವುಗಳ ಜಾಗ ತುಂಬುವುದು ಸಿಸಿಟಿವಿಗೆಂದು ಮಾಡಿದ ಡಿಸ್ಕ್‌ಗಳು: ಡಬ್ಲ್ಯುಡಿ ಪರ್ಪಲ್, ಸೀಗೇಟ್ ಸ್ಕೈಹಾಕ್, ತೋಶಿಬಾ ಎಸ್300. ಹಗಲೂ ರಾತ್ರಿ ವಿಡಿಯೊ ಬರೆಯುವುದಕ್ಕೆಂದೇ ಇವನ್ನು ಮಾಡಿರುತ್ತಾರೆ. ‘ನಮ್ಮನೆಯಲ್ಲಿ ಕ್ಯಾಮೆರಾ ಇಲ್ಲವಲ್ಲ’ ಅಂತ ಹಿಂಜರಿಯಬೇಡಿ. ಎರಡು ಕಡೆಯೂ ಕೆಲಸ ಒಂದೇ.

ಸಾಧಾರಣ ಡಿಸ್ಕಿಗೂ ಇವಕ್ಕೂ ಸ್ವಭಾವದಲ್ಲೇ ವ್ಯತ್ಯಾಸವಿದೆ. ಮದುವೆಮನೆಯ ಪಂಕ್ತಿಯನ್ನು ನೆನಪಿಸಿಕೊಳ್ಳಿ. ಒಂದು ಎಲೆಯಲ್ಲಿ ಪಲ್ಯ ಬೀಳಲಿಲ್ಲ ಅಂತ ಸಾರಿನ ಬಕೆಟ್ ಹಿಡಿದವನು ಅಲ್ಲೇ ನಿಂತುಬಿಟ್ಟರೆ ಪಂಕ್ತಿಯೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಕಂಪ್ಯೂಟರ್ ಡಿಸ್ಕಿನ ಸ್ವಭಾವ ಹಾಗೆ. ಒಂದು ಕಡೆ ಓದಲು ಆಗದಿದ್ದರೆ ಪಟ್ಟು ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಲೆಕ್ಕಪತ್ರದ ಕಡತಕ್ಕೆ ಆ ಹಟ ಒಳ್ಳೆಯದು, ಹರಿಯುವ ವಿಡಿಯೊಗೆ ಅದೇ ಶತ್ರು. ವಿಡಿಯೊ ಡಿಸ್ಕ್ ಬೇಗ ಕೈಬಿಟ್ಟು ಮುಂದಿನ ಎಲೆಗೆ ಹೋಗುತ್ತದೆ. ಪರದೆಯ ಮೂಲೆಯಲ್ಲಿ ಕ್ಷಣಕಾಲ ಒಂದು ಚೌಕ ಮಸುಕಾದೀತು, ಕಥೆ ಮಾತ್ರ ನಿಲ್ಲುವುದಿಲ್ಲ.

‘ಸಿಎಂಆರ್ ಡಿಸ್ಕೇ ಕೊಡಿ’ ಅಂತ ಬಾಯಿಬಿಟ್ಟು ಕೇಳಿ. ಎಸ್‌ಎಂಆರ್ ಅನ್ನುವ ಇನ್ನೊಂದು ಬಗೆಯಲ್ಲಿ ಬರಹದ ಸಾಲುಗಳು ಮಂಗಳೂರು ಹೆಂಚಿನಂತೆ ಒಂದರ ಅಂಚಿನ ಮೇಲೊಂದು ಕೂತಿರುತ್ತವೆ. ನಡುವಿನ ಒಂದು ಹೆಂಚು ಬದಲಿಸಬೇಕಾದರೆ ಅದರ ಮೇಲೆ ಕೂತವನ್ನೂ ಎತ್ತಬೇಕು. ಅಳಿಸಿ ಬರೆದು, ಬರೆದು ಅಳಿಸುವ ನಿಮ್ಮ ಬಾಕ್ಸ್‌ಗೆ ಆ ರಗಳೆ ಬೇಡ.

ಈಗ ಅಳತೆ. ಡಿಸ್ಕಿನಲ್ಲಿ ಎರಡು ಗಾತ್ರ: ಮೂರೂವರೆ ಇಂಚು, ಎರಡೂವರೆ ಇಂಚು. ದೊಡ್ಡದಕ್ಕೆ 12 ವೋಲ್ಟೂ ಬೇಕು, ಚಿಕ್ಕದಕ್ಕೆ 5 ವೋಲ್ಟ್ ಸಾಕು. ಒಂದರ ಜಾಗದಲ್ಲಿ ಇನ್ನೊಂದನ್ನು ತುರುಕಬೇಡಿ. ತಂತಿಯಲ್ಲೂ ಎರಡು ಜಾತಿ. ತೀರಾ ಹಳೆಯ ಬಾಕ್ಸ್‌ನಲ್ಲಿ ಅಗಲ ಪಟ್ಟಿಯ ಐಡಿಇ, ಆಮೇಲಿನವುಗಳಲ್ಲಿ ಕಿರಿದಾದ ಸಾಟಾ. ಬಾಯಲ್ಲಿ ವಿವರಿಸಲು ಹೋಗಿ ಒದ್ದಾಡಬೇಡಿ. ಹಳೆಯ ಡಿಸ್ಕಿನ ಲೇಬಲ್, ತಂತಿ ಎರಡರ ಫೋಟೊ ತೆಗೆದುಕೊಳ್ಳಿ.

ಮಾದರಿ ಸಂಖ್ಯೆ ಓದಲು ಕಲಿತರೆ ಯಾರೂ ಟೋಪಿ ಹಾಕಲಾರರು. ಸೀಗೇಟ್ ಡಿಸ್ಕಿನ ಮೇಲೆ ‘ಎಸ್‌ಟಿ1000’ ಅಂತಿದ್ದರೆ 1,000 ಜಿಬಿ, ಅಂದರೆ 1 ಟಿಬಿ. ಅದರ ಮುಂದೆ ‘ವಿಎಕ್ಸ್’ ಇದ್ದರೆ ಸ್ಕೈಹಾಕ್, ‘ಡಿಎಂ’ ಇದ್ದರೆ ಕಂಪ್ಯೂಟರಿನದು. ಡಬ್ಲ್ಯುಡಿಯಲ್ಲಾದರೆ ‘ಪಿಯುಆರ್’ ಅಕ್ಷರಗಳನ್ನು ಹುಡುಕಿ, ಅದು ಪರ್ಪಲ್.

ಎಷ್ಟು ದೊಡ್ಡದು ಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚಿ. ಮೇಲೆ ಹೇಳಿದ ಲೆಕ್ಕದಲ್ಲಿ ಎಚ್‌ಡಿ ಒಂದು ಗಂಟೆಗೆ ಸುಮಾರು 3.6 ಜಿಬಿ ತಿನ್ನುತ್ತದೆ. 500 ಜಿಬಿಯಲ್ಲಿ 130 ಗಂಟೆಗೂ ಮೇಲೆ ಹಿಡಿಸುತ್ತದೆ. ನೀವು ಅಷ್ಟನ್ನೂ ಯಾವ ಜನ್ಮದಲ್ಲಿ ನೋಡಿ ಮುಗಿಸುತ್ತೀರಿ? ಮೊದಲಿದ್ದ ಗಾತ್ರವೇ ಎಲ್ಲಕ್ಕಿಂತ ಸುರಕ್ಷಿತ. 4 ಟಿಬಿ ಅಗ್ಗವಾಗಿ ಸಿಕ್ಕಿತು ಅಂತ ತಂದರೆ ಹಳೆಯ ಬಾಕ್ಸ್ ಅದನ್ನು ಗುರುತಿಸದೇ ಇರಬಹುದು. ಹಳೆಯ ವಿಭಜನಾ ಪದ್ಧತಿಯ ಎಣಿಕೆ ಸುಮಾರು 2.2 ಟಿಬಿಗೆ ಮುಗಿದುಹೋಗುತ್ತದೆ. ಅತಿ ಆಸೆ ಗತಿಗೇಡು.

ಅಮೆರಿಕದಲ್ಲಿ ಟಿವೊ ಬಾಕ್ಸ್ ಇಟ್ಟುಕೊಂಡಿರುವ ಮಕ್ಕಳಿಗೂ ಒಂದು ಮಾತು. 2013ರ ರೋಮಿಯೊ ಮಾದರಿಯಾದರೆ 3 ಟಿಬಿವರೆಗಿನ ಖಾಲಿ ಡಿಸ್ಕನ್ನು ತಾನೇ ಸಿದ್ಧಪಡಿಸಿಕೊಳ್ಳುತ್ತದೆ. 2015ರ ಬೋಲ್ಟ್‌ಗೆ ಎರಡೂವರೆ ಇಂಚಿನದೇ ಬೇಕು. ಟಿವೊ ಕಂಪನಿ 2025ರಲ್ಲಿ ಬಾಕ್ಸ್ ಮಾರುವುದನ್ನೇ ನಿಲ್ಲಿಸಿದೆ. ಇರುವುದನ್ನು ಜೋಪಾನ ಮಾಡಿ.

ಯುಎಸ್‌ಬಿ ಬಾಕ್ಸ್‌ನವರು ಬೀಗಬೇಡಿ, ನಿಮಗೂ ಇದೆ. ಪೆನ್‌ಡ್ರೈವ್ ಚುಚ್ಚಿ ‘ರೆಕಾರ್ಡ್ ಆಗ್ತಿಲ್ಲ’ ಅಂತ ಗೊಣಗುವವರು ನೀವೇ ತಾನೆ? ದಿನವಿಡೀ ಬರೆಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪ್ ಮಾತ್ರ. ಹೆಚ್ಚು ಕರೆಂಟ್ ಬೇಡುವ ಡಿಸ್ಕ್ ಹಸಿದು ಟಕ್‌ಟಕ್ ಅನ್ನುತ್ತದೆ, ಏಳುವುದಿಲ್ಲ. ಹಾಗಾದರೆ ತನ್ನದೇ ಅಡಾಪ್ಟರ್ ಇರುವ ಡಿಸ್ಕ್ ಕೊಳ್ಳಿ. ಇನ್ನೊಂದು, ಬಾಕ್ಸ್ ಹೊಸ ಡಿಸ್ಕನ್ನು ಮೊದಲು ಫಾರ್ಮ್ಯಾಟ್ ಮಾಡುತ್ತದೆ. ಮಗಳ ಮದುವೆಯ ಫೋಟೊ ಇರುವ ಡಿಸ್ಕನ್ನು ಚುಚ್ಚಿ, ಪರದೆಯ ಮೇಲೆ ಬಂದದ್ದನ್ನು ಓದದೆ ‘ಓಕೆ’ ಒತ್ತಬೇಡಿ. ಆಮೇಲೆ ಅತ್ತರೆ ಬಾರದು.

ಕೊಳ್ಳುವಾಗ ಮೈಯೆಲ್ಲ ಕಣ್ಣಾಗಿರಲಿ. ಬೆಳ್ಳಗಿರುವುದೆಲ್ಲ ಹಾಲಲ್ಲ. ಒಂದು ಸಲ ನನಗೆ ಒಂದು ಅಂಗಡಿಯಲ್ಲಿ ‘ಹೊಚ್ಚ ಹೊಸದು ಆಂಟಿ’ ಅಂತ ಒಂದು ಡಿಸ್ಕ್ ಕೊಟ್ಟರು. ಬೆಲೆ ಕಡಿಮೆ, ನಾನೂ ಹಿಗ್ಗಿದೆ. ಮನೆಗೆ ತಂದು ಕನ್ನಡಕ ಹಾಕಿ ನೋಡಿದರೆ ಸ್ಕ್ರೂ ತೂತಿನ ಸುತ್ತ ಗೀರು, ಲೇಬಲಿನ ಒಂದು ಮೂಲೆ ಎದ್ದಿದೆ. ಅಕ್ಕನ ಮಗ ಲ್ಯಾಪ್‌ಟಾಪಿಗೆ ಸಿಕ್ಕಿಸಿ ತೋರಿಸಿದ: ಅದು ಆಗಲೇ 19 ಸಾವಿರ ಗಂಟೆ ದುಡಿದಿತ್ತು! ವರ್ಷಕ್ಕೆ 8,760 ಗಂಟೆ, ಲೆಕ್ಕ ಹಾಕಿ. ಎರಡು ವರ್ಷ ಹಗಲೂ ರಾತ್ರಿ ಗಾಣ ಸುತ್ತಿದ ಎತ್ತನ್ನು ಮೈತೊಳೆದು ಮಾರಿದ್ದರು. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೇ ಹೋಗಿ, ನಿಮ್ಮೂರಿನ ಅಂಗಡಿಗೇ ಹೋಗಿ, ಮೂರು ಕೆಲಸ ಮಾಡಿ. ತಯಾರಾದ ತಿಂಗಳು, ವರ್ಷ ನೋಡಿ. ಸೀರಿಯಲ್ ನಂಬರನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ವಾರಂಟಿ ಉಳಿದಿದೆಯೇ ಪರೀಕ್ಷಿಸಿ. ಪರ್ಪಲ್, ಸ್ಕೈಹಾಕ್‌ಗಳಿಗೆ ಮೂರು ವರ್ಷ ಇರುತ್ತದೆ. ಅದೇ ನಂಬರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ‘ಬಿಲ್ ಇಲ್ಲದಿದ್ದರೆ 200 ರೂಪಾಯಿ ಕಡಿಮೆ’ ಅಂದರೆ ಮಾತಿಲ್ಲದೆ ಎದ್ದು ಬನ್ನಿ.

ಡಿಸ್ಕನ್ನು ಹಾಕುವ ದಿನ ಆತುರ ಬೇಡ. ಆತುರಗಾರನಿಗೆ ಬುದ್ಧಿ ಮಟ್ಟ. ರಿಮೋಟಿನಲ್ಲಿ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಒಳಗಿನ ತಟ್ಟೆ ಸುತ್ತುವುದು ನಿಲ್ಲುವವರೆಗೆ ಅರ್ಧ ನಿಮಿಷ ಕಾಯಿರಿ. ಪವರ್ ಸಪ್ಲೈ ಕಡೆಗೆ ಬೆರಳು ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅಲ್ಲಿ ಕರೆಂಟ್ ಉಳಿದಿರುತ್ತದೆ. ಧೈರ್ಯ ಸಾಲದಿದ್ದರೆ ಬಲ್ಲವರನ್ನು ಕರೆಸಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಡಿಸ್ಕನ್ನು ಮಕ್ಕಳ ಕೈಗೆ ಕೊಡಬೇಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಟೇಬಲ್ಲಿನಿಂದ ಒಮ್ಮೆ ಬಿದ್ದರೆ ಕಥೆ ಮುಗಿಯಿತು. ಹಳೆಯ ರೆಕಾರ್ಡಿಂಗ್‌ಗಳ ಆಸೆಯನ್ನೂ ಬಿಡಿ. ನಮ್ಮ ಡಿಟಿಎಚ್ ಬಾಕ್ಸ್‌ಗಳು ರೆಕಾರ್ಡ್ ಮಾಡಿದ್ದಕ್ಕೆಲ್ಲ ಬೀಗ ಹಾಕಿರುತ್ತವೆ, ಕಂಪ್ಯೂಟರಿಗೆ ಹಾಕಿದರೆ ಏನೂ ತೆರೆಯುವುದಿಲ್ಲ. ನೋಡಬೇಕಾದ್ದಿದ್ದರೆ ಡಿಸ್ಕ್ ಪೂರ್ತಿ ಸಾಯುವ ಮೊದಲೇ ನೋಡಿ ಮುಗಿಸಿ.

ಕೊನೆಯದು, ಹಳೆಯ ಡಿಸ್ಕ್ ಸತ್ತದ್ದು ಹೇಗೆ ಅಂತ ಯೋಚಿಸಿದಿರಾ? ಬಾಕ್ಸ್ ಮೇಲೆ ಕ್ರೋಶಾ ಬಟ್ಟೆ, ಅದರ ಮೇಲೆ ಚನ್ನಪಟ್ಟಣದ ಬೊಂಬೆ, ಪಕ್ಕದಲ್ಲಿ ಪ್ಲಾಸ್ಟಿಕ್ ಹೂವು. ಬಿಸಿ ಹೊರಗೆ ಹೋಗಲು ಮಾಡಿದ ತೂತುಗಳನ್ನೆಲ್ಲ ನೀವೇ ಅಲಂಕಾರ ಮಾಡಿ ಮುಚ್ಚಿದ್ದೀರಿ. ಬೇಸಿಗೆಯಲ್ಲಿ ಒಮ್ಮೆ ಬಾಕ್ಸ್ ಮುಟ್ಟಿ ನೋಡಿದ್ದರೆ ದೋಸೆ ಹಂಚಿನ ನೆನಪಾಗುತ್ತಿತ್ತು. ಎಷ್ಟು ಒಳ್ಳೆಯ ಡಿಸ್ಕ್ ತಂದರೂ ಕಂಬಳಿ ಹೊದೆಸಿ ಗಾಣಕ್ಕೆ ಕಟ್ಟಿದರೆ ಎಷ್ಟು ದಿನ ಬಾಳೀತು?

ಡಿಸ್ಕನ್ನು ಈ ಭಾನುವಾರ ತನ್ನಿ. ಬಟ್ಟೆಯನ್ನು ಮಾತ್ರ ಈಗಲೇ ಎದ್ದು ತೆಗೆಯಿರಿ.