ಪಾತ್ರಕ್ಕೊಂದು ಆಕೃತಿ, ಆಕೃತಿಗೊಂದು ಆಧಾರ: ‘ತುಘಲಕ್’ ನಾಟಕದ ಬೋಧನಾಭ್ಯಾಸ

ನಾಟಕ ಪಾಠದ ಕೊನೆಯಲ್ಲಿ ಪಾತ್ರದ ಸ್ವಭಾವ ಕೇಳಿದರೆ ಮಕ್ಕಳಿಂದ ಬರುವ ಉತ್ತರ ಹೆಚ್ಚಾಗಿ ಒಂದೇ ಪದ: ‘ಒಳ್ಳೆಯವನು’, ‘ಕ್ರೂರಿ’, ‘ಮೋಸಗಾರ’. ಆ ಪದಕ್ಕೆ ನಾಟಕದಲ್ಲಿ ಆಧಾರವೇನು ಎಂದು ಹುಡುಕುವ ಅಭ್ಯಾಸ ಬೆಳೆಸುವ ಉದ್ದೇಶದಿಂದ ನಾನು 9ನೆಯ ತರಗತಿಗೆ ಆಕೃತಿ ಮತ್ತು ಬಣ್ಣಗಳ ಮೂಲಕ ಎರಡು ಅವಧಿಗಳ ಪಾಠ ಮಾಡಿದೆ. ಆರಿಸಿಕೊಂಡ ನಾಟಕ ಗಿರೀಶ ಕಾರ್ನಾಡರ ‘ತುಘಲಕ್’ (1964). ಕಥೆಯನ್ನು ಮೊದಲೇ ಹೇಳಿ, ಆಯ್ದ ದೃಶ್ಯಗಳನ್ನು ಪಾತ್ರ ಹಂಚಿ ಓದಿಸಿದ್ದೆ.

ಸಾಮಗ್ರಿ ಮತ್ತು ನಿಯಮಗಳು

ಬಣ್ಣದ ಕಾಗದ, ಕತ್ತರಿ, ಅಂಟು. ನಾಲ್ಕು ಗುಂಪುಗಳಿಗೆ ತುಘಲಕ್, ಅಜೀಜ್, ಶೇಖ್ ಇಮಾಮುದ್ದೀನ್ ಮತ್ತು ಸುಲ್ತಾನನ ಮಲತಾಯಿ ಎಂಬ ನಾಲ್ಕು ಪಾತ್ರಗಳು. ನಿಯಮಗಳು ಮೂರು:

1. ಮುಖ, ಉಡುಪು, ಕಿರೀಟ, ಕತ್ತಿ ಬಿಡಿಸುವಂತಿಲ್ಲ.
2. ಒಂದೇ ಆಕೃತಿ, ಬೇಕಾದ ಬಣ್ಣಗಳು.
3. ಪ್ರತಿ ಆಯ್ಕೆಯ ನಂತರ ‘ಏಕೆಂದರೆ’ ಎಂದು ಆರಂಭಿಸಿ ನಾಟಕದ ಒಂದು ಘಟನೆ ಹೇಳಬೇಕು.

ತರಗತಿಯಲ್ಲಿ ಕಂಡದ್ದು

ತುಘಲಕನ ಗುಂಪು ಚೌಕ ಕತ್ತರಿಸಿತು. ಏಕೆಂದರೆ ಅವನು ಚದುರಂಗದಾಟದವನು, ಎಲ್ಲವನ್ನೂ ಲೆಕ್ಕ ಹಾಕುವವನು. ಬಳಿಕ ಚೌಕದ ಅಂಚನ್ನು ಹರಿದರು: ರಾಜಧಾನಿ ದೆಹಲಿಯಿಂದ ದೌಲತಾಬಾದಿಗೆ ಹೋಯಿತು, ತಾಮ್ರದ ನಾಣ್ಯ ಸೋತಿತು. ‘ಹರಿದದ್ದು ಹೊರಗಿನವರೋ, ಅವನೇನೋ?’ ಎಂದು ಕೇಳಿದೆ. ಗುಂಪು ಎರಡಾಯಿತು. ಜನ ನಂಬಲಿಲ್ಲ ಎಂದರು ಕೆಲವರು; ಅವನೇ ನಂಬಿಕೆ ಕೆಡಿಸಿದ ಎಂದರು ಉಳಿದವರು. ನಾಟಕದ ಮುಖ್ಯ ಪ್ರಶ್ನೆ ಇದೇ. ಅದನ್ನು ನಾನು ಬೋರ್ಡಿನ ಮೇಲೆ ಬರೆಯಬೇಕಾಗಲಿಲ್ಲ.

ಅಜೀಜ್ ಅಗಸ, ಬ್ರಾಹ್ಮಣನ ವೇಷ ಹಾಕುತ್ತಾನೆ, ಕೊನೆಗೆ ಖಲೀಫರ ವಂಶದವನಾಗಿ ಸುಲ್ತಾನನ ಎದುರು ಬರುತ್ತಾನೆ. ಮಕ್ಕಳು ಒಂದೇ ತ್ರಿಕೋನದ ಮೇಲೆ ಮೂರು ಬಣ್ಣದ ಕಾಗದಗಳನ್ನು ಪುಟ ತಿರುವುವಂತೆ ಅಂಟಿಸಿದರು. ಬಣ್ಣ ಬದಲಾದರೂ ಮೊನೆ ಬದಲಾಗಲಿಲ್ಲ.

ಇಮಾಮುದ್ದೀನ್ ನೋಡಲು ಸುಲ್ತಾನನಂತೆಯೇ ಇದ್ದಾನೆ. ಹಾಗಾಗಿ ಅವನಿಗೂ ಚೌಕ, ಬಣ್ಣ ಮಾತ್ರ ಬೇರೆ. ಸುಲ್ತಾನನ ಉಡುಪು ತೊಟ್ಟು ಸಂಧಾನಕ್ಕೆ ಹೋಗಿ ಸಾಯುವುದರಿಂದ, ಮೇಲೆ ಸುಲ್ತಾನನ ಬಣ್ಣದ ತುಂಡೊಂದನ್ನು ಅಂಟಿಸಿದರು.

ಎಚ್ಚರ ಬೇಕಾದ ಎರಡು ಕಡೆ

ಮಲತಾಯಿ ನಜೀಬನನ್ನು ಕೊಲ್ಲಿಸಿದಳೆಂದು ಆ ಗುಂಪು ಕಪ್ಪು ಕಾಗದ ಎತ್ತಿಕೊಂಡಿತು. ಮೈಬಣ್ಣ ಹಿಡಿದು ಒಬ್ಬರನ್ನೊಬ್ಬರು ಅಣಕಿಸುವ ವಯಸ್ಸಿನ ಮಕ್ಕಳ ನಡುವೆ ‘ಕಪ್ಪು ಎಂದರೆ ಕೆಟ್ಟದ್ದು’ ಎಂಬುದನ್ನು ಹಾಗೆಯೇ ಬಿಡುವಂತಿಲ್ಲ. ನಾಟ್ಯಶಾಸ್ತ್ರದಲ್ಲಿ ಶೃಂಗಾರಕ್ಕೆ ಶ್ಯಾಮ, ರೌದ್ರಕ್ಕೆ ಕೆಂಪು, ಭಯಾನಕಕ್ಕೆ ಕಪ್ಪು ಎಂದಿದೆ. ಕಪ್ಪು ಅಲ್ಲಿ ಭಯದ ಬಣ್ಣವೇ ಹೊರತು ಕೆಡುಕಿನದಲ್ಲ ಎಂದು ತಿಳಿಸಿದೆ. ಆಮೇಲೆ ಅವಳು ಕೊಲ್ಲಿಸಿದ್ದು ಯಾರಿಗಾಗಿ ಎಂದು ಕೇಳಿದೆ. ಮಗನ ಒಳಿತಿಗೆಂದೇ ಮಾಡಿದಳು ಎಂದು ಒಪ್ಪಿ, ಅರ್ಧ ಕೆಂಪಿನ ವೃತ್ತ ಮಾಡಿದರು.

ಸುಲ್ತಾನ ಮುಸ್ಲಿಮನಾದ್ದರಿಂದ ಹಸಿರು ಎಂದನೊಬ್ಬ. ಇಮಾಮುದ್ದೀನನೂ ಅಜೀಜನೂ ಮುಸ್ಲಿಮರೇ. ಎಲ್ಲರಿಗೂ ಹೊಂದುವ ಬಣ್ಣ ಒಬ್ಬನ ಸ್ವಭಾವವನ್ನು ಹೇಗೆ ಹೇಳೀತು? ಈ ಪ್ರಶ್ನೆಯೇ ಸಾಕಾಯಿತು. ಕಥಕಳಿಯಲ್ಲಿ ಹಸಿರು ಮುಖ ಉದಾತ್ತ ನಾಯಕರದು ಎಂಬುದನ್ನೂ ಸೇರಿಸಿದೆ. ಬಣ್ಣದ ಅರ್ಥ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬದಲಾಗುತ್ತದೆ. ನಮ್ಮ ಪಾಠದಲ್ಲಿ ಅದನ್ನು ನಿರ್ಧರಿಸುವುದು ನಾಟಕದ ಘಟನೆ.

ಮೌಲ್ಯಮಾಪನ ಮತ್ತು ಸಲಹೆ

ಅಂಕ ಚಿತ್ರದ ಅಂದಕ್ಕಲ್ಲ, ‘ಏಕೆಂದರೆ’ ವಾಕ್ಯಕ್ಕೆ. ಕೊನೆಯಲ್ಲಿ ಪ್ರತಿಯೊಬ್ಬರೂ ಬೇರೆ ಗುಂಪಿನ ಆಕೃತಿ ನೋಡಿ ಆ ಪಾತ್ರದ ಬಗ್ಗೆ ನಾಲ್ಕು ವಾಕ್ಯ ಬರೆದರು. ಹೇಳುವುದಕ್ಕಿಂತ ಬರೆಯುವಾಗ ಹಿಂಜರಿಯುವ ಮಕ್ಕಳಿಗೂ ಎದುರಿಗೊಂದು ಆಕೃತಿ ಇದ್ದದ್ದರಿಂದ ಆರಂಭ ಸಿಕ್ಕಿತು.

ಕತ್ತರಿಸುವ ಕೆಲಸಕ್ಕೆ ಸಮಯ ಹೋಗುತ್ತದೆ. ಒಂದೇ ಅವಧಿ ಸಿಕ್ಕರೆ ಮೂಲ ಆಕೃತಿಗಳನ್ನು ಮೊದಲೇ ಕತ್ತರಿಸಿಟ್ಟುಕೊಂಡು, ಉಳಿದ ಸಮಯವನ್ನು ಚರ್ಚೆಗೆ ಕೊಡುವುದು ಒಳ್ಳೆಯದು. ಪಾಠ ಇರುವುದು ಆ ಚರ್ಚೆಯಲ್ಲಿಯೇ.