ಯಾವ ರಿಸ್ಕ್ ವಿಮೆಗೆ, ಯಾವುದು ನಿಮ್ಮ ಹೆಗಲಿಗೆ? ಸೈಟ್ ಎಂಜಿನಿಯರ್‌ಗೆ 6 ಸೂತ್ರಗಳು

‘ಇನ್ಶೂರೆನ್ಸ್ ವಿಷಯ ನನಗೆ ತಿಳಿಯಲ್ಲ, ಆಫೀಸಿನವರು ನೋಡ್ಕೋತಾರೆ’ ಅನ್ನೋದು ಬರೀ ಅಭ್ಯಾಸ. ಇವತ್ತೇ ಬಿಡಿ. ಪ್ರಾಜೆಕ್ಟ್ ಮ್ಯಾನೇಜರ್ ಆಗಬೇಕಾ? ‘ಕಾಂಟ್ರ್ಯಾಕ್ಟರ್ಸ್ ಆಲ್ ರಿಸ್ಕ್ಸ್’ ಪಾಲಿಸಿಯನ್ನು ಡ್ರಾಯಿಂಗ್‌ನಷ್ಟೇ ಗಮನವಿಟ್ಟು ಓದಿ.

1. ಇದು ಅಕಸ್ಮಾತ್ತಾಗಿ ಆಗುವಂಥದ್ದಾ? ಮೊದಲು ಕೇಳಿಕೊಳ್ಳಿ. ಬೆಂಕಿ, ನೆರೆ, ಕುಸಿತ ಆಗಬಹುದು, ಆಗದೆಯೂ ಇರಬಹುದು. ಬೇಕಾದಷ್ಟು ಸೈಟ್‌ಗಳ ಲೆಕ್ಕ ಇಟ್ಟಿರುವ ವಿಮಾ ಕಂಪನಿ ಅದಕ್ಕೆ ಪ್ರೀಮಿಯಂ ಹೇಳಬಲ್ಲದು. ತುಕ್ಕು, ಸವಕಳಿ ಆಗಿಯೇ ಆಗುತ್ತವೆ. ಅವಕ್ಕೆ ವಿಮೆಯಿಲ್ಲ.

2. ಹಾನಿಯನ್ನು ಬೆರಳಿಟ್ಟು ತೋರಿಸಿ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ನಿಂತಿತು, ಕ್ರೇನ್ ಬಾಡಿಗೆ ಏರುತ್ತಲೇ ಹೋಯಿತು. ಆದರೆ ಒಂದು ಇಟ್ಟಿಗೆಯೂ ಒಡೆದಿರಲಿಲ್ಲ. ಸಾಮಾನ್ಯ ಪಾಲಿಸಿಯಲ್ಲಿ ಕ್ಲೇಮಿಗೆ ದಾರಿಯೇ ಇರಲಿಲ್ಲ. ವಿಳಂಬದ ದಂಡ, ಸ್ಟೀಲ್ ದರ ಏರಿಕೆ, ಭೂಸ್ವಾಧೀನದ ತಕರಾರು ಎಲ್ಲವೂ ಇದೇ ಸಾಲಿನವು. ಇವಕ್ಕೆ ಟೆಂಡರ್ ಹಂತದಲ್ಲೇ ಮದ್ದು ಅರೆಯಿರಿ: ಪ್ರೈಸ್ ವೇರಿಯೇಷನ್ ಕ್ಲಾಜ್ ಕೇಳಿ, ಕಂಟಿಂಜೆನ್ಸಿ ತೆಗೆದಿಡಿ.

3. ತಪ್ಪು ಬೇರೆ, ಅದರಿಂದಾದ ಹಾನಿ ಬೇರೆ. ಕಳಪೆ ಕೆಲಸದಿಂದ ಕಾಲಂ ಕುಸಿದು, ಚೆನ್ನಾಗಿದ್ದ ಸ್ಲ್ಯಾಬ್ ಮುರಿಯಿತು ಅನ್ನಿ. ಸಾಮಾನ್ಯವಾಗಿ ಸ್ಲ್ಯಾಬಿಗೆ ದುಡ್ಡು ಸಿಗುತ್ತದೆ, ಕಾಲಂ ಖರ್ಚು ನಿಮ್ಮದೇ. ಕೆಟ್ಟ ಕೆಲಸಕ್ಕೆ ಬಹುಮಾನ ಕೊಡಲು ವಿಮೆ ಇರುವುದಲ್ಲ. ಡಿಸೈನ್ ದೋಷಕ್ಕೆ ಆಡ್-ಆನ್ ಇದೆಯಾ, ಪಾಲಿಸಿ ಮಾಡಿಸುವಾಗಲೇ ವಿಚಾರಿಸಿ.

4. ಸ್ಟೋರ್ ರಿಜಿಸ್ಟರ್ ದಿನಾ ಬರೆಸಿ. ತಿಂಗಳ ಕೊನೆಯ ಸ್ಟಾಕ್ ಲೆಕ್ಕದಲ್ಲಿ ಎರಡು ಟನ್ ಕಂಬಿ ಕಡಿಮೆ ಬಂದರೆ ಕ್ಲೇಮ್ ಇಲ್ಲ. ಯಾವಾಗ ಹೋಯಿತು, ಯಾರು ಒಯ್ದರು, ಅಸಲಿಗೆ ಬಂದಿತ್ತಾ ಅನ್ನುವುದೇ ಗೊತ್ತಿರುವುದಿಲ್ಲ. ಅದೇ ಕಂಬಿಯನ್ನು ರಾತ್ರಿ ಬೀಗ ಒಡೆದು ಒಯ್ದಿದ್ದರೆ, ಬೆಳಿಗ್ಗೆ ಎಫ್‌ಐಆರ್ ಆಗಿದ್ದರೆ ಕ್ಲೇಮಿಗೆ ಬಲ ಬರುತ್ತದೆ. ಲಾರಿ ನಂಬರ್, ತೂಕದ ಚೀಟಿ, ಸಹಿ ಮೂರೂ ಇರಲಿ. ಮೇಸ್ತ್ರಿಯ ನೆನಪಿನ ಮೇಲೆ ಬಿಡಬೇಡಿ. ಬೋರ್ ಕೆಲಸ, ಒಪ್ಪುತ್ತೇನೆ. ಮಾಡಿ.

5. ಪ್ರೀಮಿಯಂ ಉಳಿಸಲು ವಿಮಾ ಮೊತ್ತ ಇಳಿಸಬೇಡಿ. 10 ಕೋಟಿಯ ಕೆಲಸಕ್ಕೆ 6 ಕೋಟಿ ತೋರಿಸಿದ್ದೀರಿ, 50 ಲಕ್ಷ ನಷ್ಟವಾಯಿತು. ಕೈಗೆ ಬರುವುದು ಅದೇ ಅನುಪಾತದಲ್ಲಿ 30 ಲಕ್ಷ. ಅದರಲ್ಲೂ ಎಕ್ಸೆಸ್, ಅಂದರೆ ಪ್ರತಿ ಕ್ಲೇಮಿನಲ್ಲಿ ನೀವೇ ಭರಿಸಬೇಕಾದ ಪಾಲು, ಕಳೆಯುತ್ತಾರೆ. ಮಾಲೀಕರು ಕೊಡುವ ಸಾಮಗ್ರಿಯ ಬೆಲೆಯನ್ನೂ ಸೇರಿಸಿ. ಹೆಚ್ಚಿನವರು ಮರೆಯುವುದು ಇದನ್ನೇ.

6. ಯುದ್ಧ, ಅಣು ವಿಕಿರಣವನ್ನು ವಿಮೆ ಸಿಗುವ ರಿಸ್ಕ್‌ಗಳ ಪಟ್ಟಿಯಿಂದ ತೆಗೆಯಿರಿ. ಒಂದೇ ಏಟಿಗೆ ಎಲ್ಲ ಸೈಟ್‌ಗಳೂ ಹೋದರೆ ಯಾವ ಕಂಪನಿಯೂ ತಾಳದು. ಭಯೋತ್ಪಾದನೆಗೆ ಮಾತ್ರ ದಾರಿಯಿದೆ. 2001ರ ಅಮೆರಿಕದ ದಾಳಿಯ ನಂತರ ಮರುವಿಮೆಗಾರರು (ವಿಮಾ ಕಂಪನಿಗಳಿಗೇ ವಿಮೆ ಕೊಡುವವರು) ಹಿಂದೆ ಸರಿದಾಗ, 2002ರಲ್ಲಿ ನಮ್ಮ ವಿಮಾ ಕಂಪನಿಗಳೇ ಸೇರಿ ಒಂದು ಪೂಲ್ ಕಟ್ಟಿಕೊಂಡವು. ಅದನ್ನು ನಡೆಸುವುದು ನಮ್ಮ ದೇಶದ ಮರುವಿಮಾ ಕಂಪನಿ ಜಿಐಸಿ ರೀ. ಈ ಕವರ್ ತಾನಾಗಿ ಬರುತ್ತದೆ ಅಂದುಕೊಳ್ಳಬೇಡಿ, ಕೇಳಿ ಹಾಕಿಸಿಕೊಳ್ಳಿ.