ಆಲೋಚನಾದೋಷಗಳು ಮತ್ತು ಮಾಯಾಶಲ್ಯ

ವ್ರತಿಯು ನಿಃಶಲ್ಯನಾಗಿರಬೇಕೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ವಿಧಿಸಿರುವರು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಶಲ್ಯಗಳು ಮೂರು. ಶಲ್ಯವೆಂದರೆ ಮೈಯೊಳಗೆ ಮುರಿದುಳಿದ ಮುಳ್ಳು. ಮೇಲೆ ಚರ್ಮ ಕೂಡಿಕೊಂಡರೂ ಒಳಗೆ ಕೀವುಗಟ್ಟುತ್ತದೆ. ಪರರನ್ನು ವಂಚಿಸುವುದೇ ಮಾಯೆಯೆಂದು ನಾವು ತಿಳಿದಿರುತ್ತೇವೆ. ಆದರೆ ಜೀವನು ಬಹುಮಟ್ಟಿಗೆ ಮೊದಲು ವಂಚಿಸುವುದು ತನ್ನನ್ನೇ.

ಮನಸ್ಸು ತನಗೆ ಸಹಿಸಲಾಗದ ಸತ್ಯವನ್ನು ದೂರವಿಡಲು ಹೂಡುವ ಉಪಾಯಗಳನ್ನು ಆನಾ ಫ್ರಾಯ್ಡ್ ಎಂಬ ವಿದುಷಿಯು 1936ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಕ್ಷಣಾತಂತ್ರಗಳೆಂದು ವಿವರಿಸಿದರು. ಇದಕ್ಕೆ ಸಮೀಪವಾದ ವಿಚಾರವನ್ನು ನಮ್ಮ ಆಚಾರ್ಯರು ಪ್ರಾಯಶ್ಚಿತ್ತದ ಸಂದರ್ಭದಲ್ಲಿ ಬಹು ಹಿಂದೆಯೇ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಒಂಬತ್ತು ವಿಧದ ಪ್ರಾಯಶ್ಚಿತ್ತಗಳಲ್ಲಿ ಆಲೋಚನೆ ಮೊದಲನೆಯದು. ಇಲ್ಲಿ ಆಲೋಚನೆಯೆಂದರೆ ಚಿಂತನೆಯಲ್ಲ, ಗುರುವಿನ ಮುಂದೆ ತನ್ನ ದೋಷವನ್ನು ನಿವೇದಿಸಿಕೊಳ್ಳುವುದು. ಈ ನಿವೇದನೆಯಲ್ಲಿಯೂ ಮನಸ್ಸು ಅಡಗಿಕೊಳ್ಳುವ ಹತ್ತು ಬಗೆಗಳನ್ನು ಶಿವಾರ್ಯರ ಭಗವತೀ ಆರಾಧನೆಯು ಹೇಳುತ್ತದೆ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲವಾದ ಗಾಹೆಗಳು ಈ ಗ್ರಂಥದವೇ.

ಉಪಕರಣಾದಿಗಳನ್ನಿತ್ತು ಗುರುವಿನ ಮನವನ್ನು ಕರಗಿಸಿ ಹೇಳುವುದು ಆಕಂಪಿತ. ಇತರರು ಕಂಡುದನ್ನು ಮಾತ್ರ ಒಪ್ಪುವುದು ದೃಷ್ಟ. ದೊಡ್ಡದನ್ನು ಹೇಳಿ ಚಿಕ್ಕದನ್ನು ಬಿಡುವುದು ಬಾದರ. ಗದ್ದಲದ ನಡುವೆ ಹೇಳುವುದು ಶಬ್ದಾಕುಲಿತ. ಬಹುಜನ, ಅವ್ಯಕ್ತಗಳೂ ಇದೇ ಜಾತಿಯವು. ಗೃಹಸ್ಥರಲ್ಲಿ ಹೆಚ್ಚಾಗಿ ಕಾಣುವುದು ಸೂಕ್ಷ್ಮದೋಷ, ಅಂದರೆ ಚಿಕ್ಕದನ್ನು ಹೇಳಿ ದೊಡ್ಡದನ್ನು ಮರೆಸುವುದು. ಚತುರ್ದಶಿಯ ಉಪವಾಸ ಮಾಡಿದ ವರ್ತಕನು, ಚಾಪೆಯನ್ನು ನೋಡಿ ಒರೆಸದೆ ಹಾಸಿದೆನೆಂದು ಕಣ್ಣೀರಿಡುತ್ತಾನೆ. ಅಂದೇ ಅಂಗಡಿಯಲ್ಲಿ ತೂಕ ಕಡಿಮೆ ಕೊಟ್ಟುದು ಅವನ ನೆನಪಿಗೇ ಬರುವುದಿಲ್ಲ. ಅದು ಅಚೌರ್ಯಾಣುವ್ರತದ ಅತಿಚಾರ. ಆ ಕಣ್ಣೀರು ಸುಳ್ಳಲ್ಲ, ತೊಡಕಿರುವುದೂ ಅಲ್ಲಿಯೇ. ಚಿಕ್ಕ ತಪ್ಪಿಗೆ ಅತ್ತವನಿಗೆ ತಾನು ಸರಳನೆಂಬ ತೃಪ್ತಿಯುಂಟಾಗಿ, ದೊಡ್ಡದನ್ನು ಹುಡುಕುವ ಅಗತ್ಯವೇ ತೋರದು.

“ಇಂತಹ ತಪ್ಪು ಮಾಡಿದವನಿಗೆ ಯಾವ ಪ್ರಾಯಶ್ಚಿತ್ತ, ಸ್ವಾಮೀ?” ಎಂದು ಇನ್ನಾರದೋ ಮಾತೆಂಬಂತೆ ಕೇಳಿಕೊಂಡು ಹೋಗುವುದು ಛನ್ನದೋಷ. ಅದೇ ತಪ್ಪು ಮಾಡಿದವರ ಬಳಿಗೆ ಹೋಗಿ ಹೇಳುವುದು ತತ್ಸೇವಿ. ರಾತ್ರಿಭೋಜನತ್ಯಾಗವನ್ನು ಮುರಿದವರಿಬ್ಬರು ಪರಸ್ಪರ ಸಮಾಧಾನ ಹೇಳಿಕೊಳ್ಳುವುದನ್ನು ಯಾರು ಕಂಡಿಲ್ಲ?

ತನ್ನ ದೌರ್ಬಲ್ಯವನ್ನು ಮುಂದೊಡ್ಡಿ ಲಘು ದಂಡವನ್ನು ಪಡೆಯುವುದು ಅನುಮಾನಿತ. ಶಕ್ತ್ಯನುಸಾರ ತಪವೆಂಬ ಆಗಮದ ಮಾತನ್ನು ಸೋಮಾರಿತನಕ್ಕೆ ಹೊದಿಕೆಯಾಗಿಸುವವರು ಈ ಪಂಗಡದವರು. ಆದರೆ ನಿಜವಾದ ಅಶಕ್ತಿಯನ್ನು ಇದ್ದಂತೆ ಹೇಳುವುದು ದೋಷವಲ್ಲ. ಇದಕ್ಕೆ ವಿಪರೀತವಾದ ಮಾಯೆಯೂ ಉಂಟು. ಸಕ್ಕರೆ ಕಾಯಿಲೆಗೆ ಔಷಧ ಸೇವಿಸುವ ಹಿರಿಯರು, “ಈ ವರ್ಷ ಅಮ್ಮನವರು ಉಪವಾಸ ಮಾಡಲಿಲ್ಲವೇ?” ಎಂಬ ಮಾತಿಗಂಜಿ, ದಶಲಕ್ಷಣ ಪರ್ವದಲ್ಲಿ ಯಾರಿಗೂ ತಿಳಿಸದೆ ನಿರಾಹಾರವಿರುತ್ತಾರೆ. ರಕ್ತದಲ್ಲಿ ಸಕ್ಕರೆಯ ಅಂಶ ಕುಸಿದು ಪ್ರಜ್ಞೆ ತಪ್ಪುವ ಅಪಾಯ ಅವರಿಗಿದೆ. ತನಗೆ ರೋಗವಿಲ್ಲವೆಂದು ತನ್ನನ್ನೇ ನಂಬಿಸಿಕೊಂಡ ಈ ಹಟವನ್ನು ಮನೆಯವರು ತಪವೆಂದು ಹೊಗಳುವುದು ಸಲ್ಲದು. ವೈದ್ಯರನ್ನು ವಿಚಾರಿಸಿ, ಗುರುಗಳಿಗೆ ಸ್ಥಿತಿಯನ್ನು ಅರಿಕೆ ಮಾಡಿಕೊಂಡು, ಅವರು ಹೇಳಿದ ರಸತ್ಯಾಗವನ್ನೋ ಸ್ವಾಧ್ಯಾಯದ ನಿಯಮವನ್ನೋ ಸ್ವೀಕರಿಸುವುದಕ್ಕೆ ಪರ್ವದ ಹಿಂದಿನ ದಿನಗಳೇ ತಕ್ಕ ಸಮಯ. ಆಗ ಚಾತುರ್ಮಾಸವೂ ನಡೆಯುತ್ತಿರುವುದರಿಂದ ಮುನಿಗಳು ಒಂದೆಡೆ ನೆಲೆಸಿರುತ್ತಾರೆ.